ಲಾಗ್‌ನಲ್ಲಿ ‘ಸಕ್ಸಸ್’ ಅಂತಿದೆ, ಫೈಲ್ ಎಲ್ಲಿ?

ದಿನಾ ರಾತ್ರಿ 2 ಗಂಟೆಗೆ ಆಫೀಸ್ ಕಂಪ್ಯೂಟರ್‌ನಿಂದ ಬ್ಯಾಕಪ್ ಸರ್ವರ್‌ಗೆ ಫೈಲ್‌ಗಳು ತಾವಾಗೇ ಹೋಗ್ತವೆ. ಬೆಳಗ್ಗೆ ಲಾಗ್ ನೋಡಿದ್ರೆ ‘ಸಕ್ಸಸ್’. ಆದ್ರೆ ಡಿಸ್ಕ್ ಕೆಟ್ಟ ದಿನ ಬ್ಯಾಕಪ್ ತೆಗೆದ್ರೆ, ಈ ತಿಂಗಳ ಬಿಲ್‌ಗಳೇ ಇಲ್ಲ! ಯಾಕೆ ಹೀಗೆ?

ಎಷ್ಟೋ ಸಲ ಆ ‘ಸಕ್ಸಸ್’ ಬರೆಯೋದು ಫೈಲ್ ಕಳಿಸೋ ಪ್ರೋಗ್ರಾಂ ಅಲ್ಲ, ಸ್ಕ್ರಿಪ್ಟಿನ ಕೊನೇ ಸಾಲು. ಮೇಲಿನ ಕೆಲಸ ಫೇಲ್ ಆದ್ರೂ ಆ ಸಾಲು ಓಡುತ್ತೆ. ಹಾಗಾಗಿ ಪ್ರೋಗ್ರಾಂ ಕೊಡೋ ಎಕ್ಸಿಟ್ ಕೋಡನ್ನೂ ಲಾಗ್‌ಗೆ ಬರೆಸಿ.

ಲಿನಕ್ಸ್‌ನಲ್ಲಿ ಬಳಸೋ ಆರ್‌ಸಿಂಕ್‌ನಲ್ಲಿ 0 ಅಂದ್ರೆ ಸರಿ. 23 ಅಂದ್ರೆ ಎರರ್ ಬಂದು ಕೆಲವು ಹೋಗಿಲ್ಲ. 24 ಅಂದ್ರೆ ಕಾಪಿ ಆಗೋ ಮುಂಚೆನೇ ಕೆಲವು ಫೈಲ್ ಮಾಯ. ವಿಂಡೋಸ್‌ನ ರೋಬೋಕಾಪಿ ಲೆಕ್ಕ ಬೇರೆ: 1 ಬಂದ್ರೆ ಕಾಪಿ ಸರಿಯಾಗಿ ಆಗಿದೆ. 0 ಅಂದ್ರೆ ಎರರ್ ಇಲ್ಲ, ಆದ್ರೆ ಏನೂ ಕಾಪಿ ಆಗಿಲ್ಲ. 8 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಏನೋ ಫೇಲ್ ಆಗಿದೆ.

ಟೈಮೂ ನೋಡಿ. ಒಂದು ಕಂಪ್ಯೂಟರ್ ಯುಟಿಸಿಯಲ್ಲಿ, ಇನ್ನೊಂದು ಭಾರತದ ಸಮಯದಲ್ಲಿ ಇದ್ರೆ, ಒಂದೇ ಟ್ರಾನ್ಸ್‌ಫರ್ ಎರಡು ಲಾಗ್‌ಗಳಲ್ಲಿ ಐದೂವರೆ ಗಂಟೆ ಅಂತರದಲ್ಲಿ ಕಾಣುತ್ತೆ.

ಕಾಮರ್ಸ್ ಓದಿದವರಿಗೆ ಗೊತ್ತು, ಕ್ಯಾಶ್‌ಬುಕ್ ಒಂದನ್ನೇ ನಂಬಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡ್ತೀವಿ. ಇಲ್ಲೂ ಅಷ್ಟೇ. ಎರಡೂ ಕಡೆ ಫೈಲ್‌ಗಳ ಸಂಖ್ಯೆ, ಸೈಜ್, ಚೆಕ್‌ಸಮ್ ತಾಳೆ ನೋಡಿ. ವಾರಕ್ಕೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲ್ ವಾಪಸ್ ತಂದು ತೆರೆದು ನೋಡಿ. ತೆರೆದ್ರೆ ಮಾತ್ರ ಅದು ಬ್ಯಾಕಪ್. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.