ಪದಕದ ಹಂಗಿಲ್ಲದ ಈಜು

ಮಲೆನಾಡಿನ ಆಲ್ದೂರಿನಿಂದ ಬಾಳೆಹೊನ್ನೂರಿನ ಕಡೆಗೋ ಮೂಡಿಗೆರೆಯ ಕಡೆಗೋ ಹೊರಟರೆ ಕಾಫಿ ತೋಟಗಳ ಮರೆಯಲ್ಲಿ ಅಲ್ಲಲ್ಲಿ ಕೆರೆಗಳು ಕಾಣುತ್ತವೆ. ಅವನ್ನು ತೋಡಿಸಿದ್ದು ಈಜಲಿಕ್ಕಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಿಡಿಯಲು ನೀರು ಬೇಕು, ಅದಕ್ಕೆ. ಆದರೂ ಮಲೆನಾಡಿನ ಎಷ್ಟೋ ಜನರಿಗೆ ಈಜು ಬಂದದ್ದು ಇಂಥ ಕೆರೆಗಳಲ್ಲಿ, ಇಲ್ಲವೇ ಭದ್ರೆ, ಹೇಮಾವತಿಯ ಗುಂಡಿಗಳಲ್ಲಿ. ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು, ಬಾಳೆದಿಂಡನ್ನು ಎದೆಗವಚಿಕೊಂಡು, ಸೊಂಟದ ಹಗ್ಗದ ತುದಿಯನ್ನು ದಡದಲ್ಲಿ ನಿಂತ ಮಾವನ ಕೈಗೆ ಕೊಟ್ಟು ಕಲಿತ ಈಜು ಅದು. ಅಲ್ಲಿ ಸ್ಟಾಪ್‌ವಾಚ್ ಇರಲಿಲ್ಲ, ಸೋಲು ಗೆಲುವೂ ಇರಲಿಲ್ಲ.

ಆದರೆ ಆ ಪಾಠ ಹೆಚ್ಚಾಗಿ ಹುಡುಗರಿಗೇ ಸಿಕ್ಕಿತು. ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಕಲ್ಲಿನ ಬಳಿಯೇ ಉಳಿದರು. ಬಯಲುಸೀಮೆಯಿಂದ, ಹೊರರಾಜ್ಯಗಳಿಂದ ಬಂದು ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ನೆಲೆಸಿದವರಿಗೆ ನೀರಿನ ಪರಿಚಯವೇ ಕಡಿಮೆ. ಚಿಕ್ಕಂದಿನಲ್ಲಿ ಕಲಿಯದಿದ್ದರೆ ಮುಗಿಯಿತು, ದೊಡ್ಡವರಾದ ಮೇಲೆ ಕಲಿಯುವ ಮಾತೇ ಇಲ್ಲ ಎಂಬ ನಂಬಿಕೆ ಹೀಗೆ ಗಟ್ಟಿಯಾಯಿತು.

ಪಟ್ಟಣದ ಈಜುಕೊಳಗಳೂ ಇದನ್ನೇ ಬೇರೆ ರೀತಿಯಲ್ಲಿ ಹೇಳಿದವು. ಸ್ಪರ್ಧೆಗೆ ತಯಾರಾಗುವ ಮಕ್ಕಳಿಗೆ ಕೋಚ್, ಸಮಯ, ಕ್ಯಾಂಪು ಎಲ್ಲವೂ ಉಂಟು. ಮೂವತ್ತು ದಾಟಿದವರಿಗೆ ಅಲ್ಲಿ ಏನು ಕೆಲಸ?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಅಮೆರಿಕದ ನೌಕಾಪಡೆಯ ವೈದ್ಯ ರ‍್ಯಾನ್ಸಮ್ ಆರ್ಥರ್. ದೊಡ್ಡವರಿಗೆ ವ್ಯಾಯಾಮ ಮಾಡಿ ಎಂದು ಬರೀ ಬುದ್ಧಿ ಹೇಳಿದರೆ ಸಾಲದು, ಕಣ್ಣೆದುರು ಒಂದು ಗುರಿ ಇರಬೇಕು ಎಂಬುದು ಅವರ ವಿಚಾರ. ಈಜು ತರಬೇತುದಾರರ ಸಂಘದಲ್ಲಿದ್ದ ಜಾನ್ ಸ್ಪ್ಯಾನತ್ ಜೊತೆಯಾದರು. 1970ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಅಮರಿಲ್ಲೊ ಊರಿನಲ್ಲಿ ವಯಸ್ಕರ ಮೊದಲ ರಾಷ್ಟ್ರೀಯ ಕೂಟ ನಡೆಯಿತು. ಬಂದವರು ಕಡಿಮೆ ಮಂದಿ. ‘ಮಾಸ್ಟರ್ಸ್’ ಈಜು ಬೆಳೆದದ್ದು ಆ ಸಣ್ಣ ಕೂಟದಿಂದ. 1986ರಲ್ಲಿ ಟೋಕಿಯೊದಲ್ಲಿ ಮೊದಲ ವಿಶ್ವ ಮಾಸ್ಟರ್ಸ್ ಕೂಟವೂ ಆಯಿತು. 25 ವರ್ಷ ತುಂಬಿದವರಿಗೆ ಪ್ರವೇಶ, ಐದೈದು ವರ್ಷಕ್ಕೊಂದು ಗುಂಪು. ಅರವತ್ತೆರಡರವರು ಇಪ್ಪತ್ತೈದರವರ ಜೊತೆ ಏಗಬೇಕಿಲ್ಲ.

ಮಾಸ್ಟರ್ಸ್ ಈಜಿನ ಬಾಗಿಲು ಎಷ್ಟು ಅಗಲ ಎಂಬುದನ್ನು ಜಪಾನಿನ ಮಿಯೆಕೊ ನಾಗಾವೊಕಾ ತೋರಿಸಿದರು. ಅವರು ಈಜಿಗಿಳಿದದ್ದೇ ಎಂಬತ್ತರ ಆಸುಪಾಸಿನಲ್ಲಿ, ಮೊಣಕಾಲಿನ ತೊಂದರೆಗೆ ಪರಿಹಾರವೆಂದು. 2015ರಲ್ಲಿ, ನೂರರ ಪ್ರಾಯದಲ್ಲಿ, ಅಂಗಾತ ಮಲಗಿ ಕೈಬೀಸುತ್ತ 1,500 ಮೀಟರ್ ಮುಗಿಸಿದರು. ತೆಗೆದುಕೊಂಡ ಸಮಯ ಒಂದು ಗಂಟೆ ಹದಿನಾರು ನಿಮಿಷದ ಹತ್ತಿರ. ಆ ವಯೋಗುಂಪಿನಲ್ಲಿ ಅವರೊಬ್ಬರೇ ಇದ್ದರು.

ನಮ್ಮ ಘಟ್ಟದ ಕೆಳಗೂ ಈ ಗಾಳಿ ಬೀಸಿದೆ. 2023ರ ನವೆಂಬರ್‌ನಲ್ಲಿ ಮಂಗಳೂರಿನ ಎಮ್ಮೆಕೆರೆಯ ಹೊಸ ಈಜುಕೊಳದಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಕೂಟ ನಡೆಯಿತು. ಉಡುಪಿಯ ಗಂಗಾಧರ ಕಡೆಕಾರ್ ಅರವತ್ತು ದಾಟಿದ ಮೇಲೆ, ಕಾಲಿಗೆ ಸರಪಳಿ ಬಿಗಿದು ಪದ್ಮಾಸನದಲ್ಲೇ ಕಡಲಲ್ಲಿ ಈಜಿ ದಾಖಲೆ ಬರೆದರು. ಇಂಥ ಸಾಹಸ ಎಲ್ಲರಿಗೂ ಒಗ್ಗುವಂಥದ್ದಲ್ಲ, ಬೇಕಾಗಿಯೂ ಇಲ್ಲ. ಬೇಕಾದದ್ದು ಬಲು ಸಣ್ಣದು: ಐವತ್ತು ಮೀಟರ್ ದಾಟುವಷ್ಟು ಈಜು, ಸುಸ್ತಾದಾಗ ತೇಲುವಷ್ಟು ಧೈರ್ಯ.

ಅಷ್ಟನ್ನು ಕಲಿಯುವುದಕ್ಕೂ ದೊಡ್ಡವರಿಗೆ ಅಡ್ಡಿ ಬರುವುದು ಭಯ. ನೀರಿಗಿಳಿದೊಡನೆ ಉಸಿರು ಬಿಗಿಹಿಡಿಯುತ್ತಾರೆ, ತಲೆ ಮೇಲೆತ್ತುತ್ತಾರೆ. ತಲೆ ಎದ್ದಷ್ಟೂ ಸೊಂಟ ಕೆಳಗಿಳಿದು ಕಾಲು ಮುಳುಗುತ್ತದೆ. ಹಾಗಾಗಿ ಕೈಕಾಲು ಬಡಿಯುವುದಕ್ಕಿಂತ ಮುಂಚೆ ಕಲಿಯಬೇಕಾದದ್ದು ಮುಖವನ್ನು ನೀರಲ್ಲಿಟ್ಟು ಗುಳುಗುಳು ಉಸಿರು ಬಿಡುವುದು. ಆಮೇಲೆ ಗೋಡೆ ಹಿಡಿದು ಮೈ ಸಡಿಲ ಬಿಡುವುದು. ಅಂಗಾತ ತೇಲುವಾಗ ಕಿವಿ ನೀರೊಳಗೆ ಇಳಿದರೂ ಮೂಗು ಮೇಲೇ ಇರುತ್ತದೆ ಎಂದು ಮೈಗೆ ತಿಳಿದ ದಿನ ಅರ್ಧ ಈಜು ಬಂದಂತೆ.

ಇದು ಬರೀ ಹವ್ಯಾಸದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ನಮ್ಮ ತೋಟಗಳಲ್ಲಿ ನೀರು ಹಿಡಿದಿಡಲು ತೋಡಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಗಳಂತೂ ಹಳೆಯ ಕೆರೆಗಿಂತ ಅಪಾಯಕಾರಿ. ಪಾಚಿ ಕಟ್ಟಿದ ಹಾಳೆಯ ಮೇಲೆ ಕಾಲೂರಲು ಹಿಡಿತ ಸಿಗದು, ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಬಿದ್ದ ಮಗುವನ್ನು ಎತ್ತಲು ಅಮ್ಮ ಹಾರುತ್ತಾಳೆ, ಅವಳನ್ನು ಎತ್ತಲು ಅಪ್ಪ. ಒಂದೇ ಮನೆಯ ಇಬ್ಬರು ಮೂವರು ಹೋದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಹೀಗೆ. ನಿಧಾನವಾಗಿಯಾದರೂ ಈಜಬಲ್ಲ ಒಬ್ಬ ವಯಸ್ಕ ಆ ಹೊತ್ತಿಗೆ ಎದೆಗೆಡುವುದಿಲ್ಲ, ತನ್ನ ಮಿತಿಯನ್ನೂ ಬಲ್ಲ. ಹಾರುವ ಮುಂಚೆ ಹಗ್ಗ ಎಸೆಯಬೇಕು ಎಂಬುದು ಅವನಿಗೆ ನೆನಪಾಗುತ್ತದೆ.

ಆದ್ದರಿಂದ ಸರ್ಕಾರಿ ಈಜುಕೊಳಗಳಲ್ಲಿ ಪದಕದ ಮಕ್ಕಳ ವೇಳೆಯ ಜೊತೆಗೆ ವಯಸ್ಕ ಕಲಿಯುವವರಿಗೂ, ಅದರಲ್ಲೂ ಹೆಂಗಸರಿಗೆ, ದಿನಕ್ಕೊಂದು ಗಂಟೆ ಮೀಸಲಿಡಬೇಕು. ತೋಟದ ಮಾಲೀಕರು ಪ್ರತಿ ಕೆರೆ, ಹೊಂಡದ ದಡದಲ್ಲಿ ಒಂದು ಹಗ್ಗ, ಗಾಳಿ ತುಂಬಿದ ಒಂದು ಟ್ಯೂಬು ಇಡಬೇಕು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡು ಕಲಿಯಲು ಶುರುಮಾಡಿ. ನಿಮಗೆ ನಲವತ್ತಾಗಿರಲಿ, ಅರವತ್ತಾಗಿರಲಿ, ತಡವೇನೂ ಆಗಿಲ್ಲ.