ಬೆಳೆಯುವ ಮಗುವಿಗೆ ಮಗುಚುವ ಮಣೆ

ನಾಲ್ಕನೆಯ ಜ್ವರವನ್ನು, ಎಂದರೆ ಪೊರೆ ಬಿಡುವ ಅವಸ್ಥೆಯನ್ನು, ಕಳೆದೆದ್ದ ರೇಷ್ಮೆಹುಳು ತನ್ನ ಜೀವಮಾನದಲ್ಲಿ ತಿನ್ನತಕ್ಕ ಸೊಪ್ಪಿನ ಬಹುಪಾಲನ್ನು ಕೊನೆಯ ಆರೇಳು ದಿನಗಳಲ್ಲಿಯೇ ತಿಂದು ಮುಗಿಸುವ ಹೊತ್ತಿಗೆ, ಪ್ರತ್ಯೇಕವಾದ ಹುಳುಮನೆಯಿಲ್ಲದ ರೈತನ ಸಂಸಾರವು ಪಡಸಾಲೆಯನ್ನೂ ನಡುಮನೆಯನ್ನೂ ಹುಳುವಿಗೆ ಬಿಟ್ಟುಕೊಟ್ಟು ಅಡುಗೆಮನೆಯ ಮಗ್ಗುಲಿಗೆ ಸರಿದುಕೊಳ್ಳುವುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದ ಸಂಗತಿ. ಹುಳು ಹಣ್ಣಾಯಿತೆಂದರೆ ಅದು ಗೂಡು ಕಟ್ಟುವ ಚಂದ್ರಿಕೆಗಳು ಹೊರಗೆ ಬರುತ್ತವೆ. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸಿದ ತರುವಾಯ ಅವೇ ಚಂದ್ರಿಕೆಗಳು ಗೋಡೆಗೆ ಒರಗಿ ನಿಲ್ಲುತ್ತವೆ, ಮನೆ ಮತ್ತೆ ಮನುಷ್ಯರದಾಗುತ್ತದೆ. ಇತ್ತ ಪಟ್ಟಣದಲ್ಲಿ ನೂಲು ಬಿಚ್ಚುವವರ ಮನೆಗಳಲ್ಲಿಯೂ ವೃತ್ತಿಯ ಜಾಗವೂ ವಾಸದ ಜಾಗವೂ ಎಷ್ಟೋ ಸಲ ಒಂದೇ ಸೂರಿನ ಕೆಳಗಿರುತ್ತವೆ. ಕೋಣೆಯೇ ದಿನಕ್ಕೊಂದು ಕೆಲಸಕ್ಕೆ ಒದಗಬೇಕಾದ ಇಂಥ ಮನೆಗಳಲ್ಲಿ ಮಗುವಿಗೆಂದು ಮಲಗಲು ಒಂದು ಮಂಚ, ಉಣ್ಣಲು ಒಂದು ಕುರ್ಚಿ, ಬರೆಯಲು ಒಂದು ಮೇಜು, ಆಟಿಕೆಗೆ ಒಂದು ಪೆಟ್ಟಿಗೆ ಎಂದು ಬೇರೆಬೇರೆಯಾಗಿ ಇಡಲು ಸ್ಥಳವಾದರೂ ಎಲ್ಲಿಯದು?

ಒಂದೇ ವಸ್ತು ಹಲವು ಕಾರ್ಯಗಳಿಗೆ ಒದಗುವಂತೆ ರಚಿಸಿದ ಮಕ್ಕಳ ಪೀಠೋಪಕರಣವೆಂಬುದು ಬೆಂಗಳೂರಿನ ಬಹುಮಹಡಿ ಮನೆಗಳ ನೂತನ ವಿಲಾಸವೆಂದು ಅನೇಕರ ಭಾವನೆ. ಅದರ ನಿಜವಾದ ಅವಶ್ಯಕತೆ ಇರುವುದು ಈ ಸಣ್ಣ ಮನೆಗಳಲ್ಲಿ. ಅದನ್ನು ಮಾಡಬಲ್ಲ ಕೈಗಳೂ ಈ ಸೀಮೆಯಲ್ಲಿಯೇ, ಮುಖ್ಯವಾಗಿ ಚನ್ನಪಟ್ಟಣದಲ್ಲಿ, ಇವೆ ಎಂಬುದು ನನ್ನ ದೃಢವಾದ ನಂಬಿಕೆ.

ಈ ವಿದ್ಯೆ ನಮ್ಮ ಜನಕ್ಕೆ ಅಪರಿಚಿತವೇನೂ ಅಲ್ಲ. ವ್ಯಾಸಪೀಠವನ್ನು ನೋಡಿ. ಒಂದೇ ಹಲಗೆಯನ್ನು ಅದರ ದಪ್ಪದಲ್ಲಿ ಎರಡು ಕಡೆಯಿಂದಲೂ ಸೀಳಿ, ನಡುವೆ ಎರಡು ಕೈಗಳ ಬೆರಳುಗಳು ಹೆಣೆದುಕೊಂಡಂತೆ ಕೀಲನ್ನು ಕೆತ್ತಿ, ಮೊಳೆಯಾಗಲಿ ಅಂಟಾಗಲಿ ಇಲ್ಲದೆ, ತೆರೆದಾಗ ಗ್ರಂಥವನ್ನು ಹೊರುವ ಪೀಠವಾಗಿಯೂ ಮುಚ್ಚಿದಾಗ ಗೂಟಕ್ಕೆ ತೂಗುಹಾಕಬಹುದಾದ ಚಪ್ಪಟೆಯ ಹಲಗೆಯಾಗಿಯೂ ಮಾಡಿದ ಆ ಬಡಗಿ ಯಾರೋ, ಯಾವ ಕಾಲದವನೋ, ಪರಿವರ್ತನಶೀಲವಾದ ಉಪಕರಣದ ಪರಮಾದರ್ಶವನ್ನೇ ನಮ್ಮ ಮುಂದೆ ಇಟ್ಟುಹೋಗಿದ್ದಾನೆ. ಮಠದ ಪಾಠಶಾಲೆಯಲ್ಲಿ ವ್ಯಾಸಪೀಠವೆನಿಸಿದುದೇ ಮದರಸಾದಲ್ಲಿ ರೆಹಾಲ್ ಎನಿಸಿ, ಎರಡು ಕಡೆಯ ಮಕ್ಕಳಿಗೂ ನೆಲದ ಮೇಲೆ ಬೆನ್ನು ನೆಟ್ಟಗಿಟ್ಟು ಓದುವುದನ್ನು ಕಲಿಸಿದೆ.

ತೊಟ್ಟಿಲಿನ ವಿಷಯದಲ್ಲಿ ಮಾತ್ರ ನಮ್ಮವರ ಜಾಣ್ಮೆ ಅರ್ಧಕ್ಕೆ ನಿಂತಿತೆಂದು ತೋರುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಅರಗಿನ ಬಣ್ಣದಿಂದ ದೇವರ ಕಥೆಗಳನ್ನು ಚಿತ್ರಿಸಿದ ತೊಟ್ಟಿಲುಗಳು ಪ್ರಸಿದ್ಧವಾದುವು. ಚನ್ನಪಟ್ಟಣದ ಸಮೀಪದ ದೊಡ್ಡಮಳೂರಿನಲ್ಲಿ, ಅಪ್ರಮೇಯಸ್ವಾಮಿಯ ದೇವಾಲಯದೊಳಗೆ ಅಂಬೆಗಾಲಿಕ್ಕುವ ನವನೀತಕೃಷ್ಣನ ಸನ್ನಿಧಿಗೆ ಸಂತಾನಾಪೇಕ್ಷಿಗಳಾದ ದಂಪತಿಗಳು ಪುಟ್ಟ ತೊಟ್ಟಿಲುಗಳನ್ನು ಹರಕೆಯಾಗಿ ಒಪ್ಪಿಸುವುದನ್ನು ಇಂದಿಗೂ ಕಾಣಬಹುದು. ಇಷ್ಟು ಆದರಕ್ಕೆ ಪಾತ್ರವಾದ ಆ ವಸ್ತು ಮನೆಯಲ್ಲಿ ಕೆಲಸಮಾಡುವುದು ಮಾತ್ರ ಕೆಲವೇ ತಿಂಗಳು; ಮಗು ಅಂಚನ್ನು ಹಿಡಿದು ಎದ್ದುನಿಲ್ಲಲು ಕಲಿತ ದಿನವೇ ಅದರ ಸೇವೆ ಮುಗಿದು ಅದು ಅಟ್ಟವನ್ನು ಸೇರಿ ಮುಂದಿನ ಬಾಣಂತನದವರೆಗೆ ಕಾಯುತ್ತಿರುತ್ತದೆ. ಮೂರು ಗಾಲಿಯ ನಡೆಬಂಡಿಯ ಗತಿಯೂ ಅದೇ.

ಇದಕ್ಕೆ ಕಾರಣ ಮಗುವಿನ ಬೆಳವಣಿಗೆಯ ವೇಗ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಉದ್ದವಿರುವ ಶಿಶು ಒಂದು ವರ್ಷಕ್ಕೆ ಸುಮಾರು 75, ನಾಲ್ಕು ವರ್ಷಕ್ಕೆ ಸುಮಾರು 100 ಸೆಂಟಿಮೀಟರ್ ಆಗುತ್ತದೆ. ಕುಳಿತಾಗ ಪಾದಗಳು ನೆಲವನ್ನು ಮುಟ್ಟಬೇಕಾದರೆ ಪೀಠದ ಎತ್ತರವು ದೇಹದ ಎತ್ತರದಲ್ಲಿ ಹೆಚ್ಚುಕಡಮೆ ಕಾಲುಭಾಗವಿರಬೇಕು. ಒಂದೂವರೆ ವರ್ಷದ ಕೂಸಿಗೆ ಹಿತವಾದ ಮಣೆ ನಾಲ್ಕು ವರ್ಷದ ಮಗುವಿನ ಮೊಣಕಾಲನ್ನು ಎದೆಗೆ ಒತ್ತುತ್ತದೆ; ನಾಲ್ಕು ವರ್ಷದವನ ಕುರ್ಚಿಯಲ್ಲಿ ಕೂಸಿನ ಕಾಲು ತೂಗಾಡುತ್ತದೆ. ಕಾಲು ತೂಗಾಡುವ ಮಗು ಒಂದು ಕಡೆ ಕೂರದು. ಅದನ್ನು ತುಂಟತನವೆಂದು ಗದರಿಸುವ ಹಿರಿಯರು ಒಮ್ಮೆ ಕುರ್ಚಿಯನ್ನು ಅಳೆದು ನೋಡಿದರೆ ಒಳ್ಳೆಯದು.

ಮಗುವಿನ ಅಳತೆಗೆ ಮಗುವಿನ ಪೀಠವಿರಬೇಕೆಂಬ ತತ್ತ್ವವನ್ನು ಲೋಕಕ್ಕೆ ಮನದಟ್ಟು ಮಾಡಿಕೊಟ್ಟವರಲ್ಲಿ ಮುಖ್ಯಳಾದವಳು ಮರಿಯಾ ಮಾಂಟೆಸ್ಸೊರಿ. 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ತಾನು ತೆರೆದ ಮಕ್ಕಳ ಮನೆಯಲ್ಲಿ ಆ ಮಹನೀಯಳು, ನೆಲಕ್ಕೆ ಬಿಗಿದ ಶಾಲೆಯ ಬೆಂಚುಗಳನ್ನು ತ್ಯಜಿಸಿ, ಮಗು ತಾನೇ ಎತ್ತಿ ಸರಿಸಬಲ್ಲಷ್ಟು ಹಗುರವಾದ ಪುಟ್ಟ ಮೇಜು ಕುರ್ಚಿಗಳನ್ನು ಇರಿಸಿದಳು. 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಯುದ್ಧದ ಕಾರಣದಿಂದ ಹಿಂದಿರುಗಲಾರದೆ, ಆ ವರ್ಷಗಳ ಒಂದು ಭಾಗವನ್ನು ಕೊಡೈಕನಾಲಿನಲ್ಲಿ ಕಳೆದು, ನಮ್ಮ ದೇಶದ ನೂರಾರು ಉಪಾಧ್ಯಾಯರಿಗೆ ಆಕೆ ಶಿಕ್ಷಣವನ್ನಿತ್ತ ಇತಿಹಾಸ ನಮಗೆ ಹತ್ತಿರದ್ದೇ. ಆಕೆಯ ತತ್ತ್ವಕ್ಕೆ ಬೆಳವಣಿಗೆಯ ಸೂತ್ರವನ್ನು ಕೂಡಿಸಿದವನು ನಾರ್ವೆಯ ಪೀಟರ್ ಓಪ್ಸ್ವಿಕ್. 1972ರಲ್ಲಿ ಅವನು ರಚಿಸಿದ ಕುರ್ಚಿಯಲ್ಲಿ ಓರೆಯಾಗಿ ನಿಂತ ಎರಡು ಪಕ್ಕದ ಹಲಗೆಗಳ ಒಳಮೈಗೆ ಸಾಲಾಗಿ ಕಚ್ಚುಗಳನ್ನು ಕೊರೆದಿದೆ. ಕೂರುವ ಹಲಗೆಯನ್ನೂ ಪಾದವಿಡುವ ಹಲಗೆಯನ್ನೂ ಬೇಕಾದ ಕಚ್ಚಿಗೆ ತೂರಿಸಿ ಬಿಗಿದರೆ, ದೊಡ್ಡವರ ಊಟದ ಮೇಜಿಗೆ ಸರಿಸಮನಾಗಿ ಕೂರುವ ಶಿಶುವಿನಿಂದ ಹಿಡಿದು ಪ್ರೌಢವಯಸ್ಸಿನವರ ತನಕ ಅದೇ ಕುರ್ಚಿ ಸಾಗುತ್ತದೆ.

ಆದರೆ ನಮ್ಮ ಹಳ್ಳಿಯ ಮನೆಗೆ ಅದಕ್ಕಿಂತಲೂ ಸರಳವಾದ ಮತ್ತೊಂದು ರಚನೆ ಹೆಚ್ಚು ಒಗ್ಗುವುದೆಂದು ನನ್ನ ಅಭಿಪ್ರಾಯ. ಪಾಶ್ಚಾತ್ಯ ಶಿಶುವಿಹಾರಗಳಲ್ಲಿ ಬಳಕೆಯಲ್ಲಿರುವ ಆ ಪೀಠಕ್ಕೆ ಕೀಲಿಲ್ಲ, ತಿರುಪಿಲ್ಲ, ಸರಿದಾಡುವ ಭಾಗವೊಂದೂ ಇಲ್ಲ. ಎತ್ತರ, ಅಗಲ, ಆಳ ಮೂರೂ 38 ಸೆಂಟಿಮೀಟರ್ ಇರುವ ಒಂದು ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಅದಕ್ಕೆ ಎರಡು ಪಕ್ಕಗಳೂ ಹಿಂಬದಿಯೂ ಮಾತ್ರ ಇವೆ. ಮುಂಭಾಗ, ಮೇಲ್ಭಾಗ, ತಳ ಮೂರೂ ತೆರೆದಿವೆ. ಒಳಗೆ ಎರಡು ಸೆಂಟಿಮೀಟರ್ ದಪ್ಪದ ಹಲಗೆಯೊಂದನ್ನು, ನಟ್ಟನಡುವೆ ಕೂಡಿಸದೆ, ಅದರ ಮೇಲ್ಮೈ ನೆಲದಿಂದ 16 ಸೆಂಟಿಮೀಟರ್ ಎತ್ತರದಲ್ಲಿ ಬರುವಂತೆ ಕೂಡಿಸಿದೆ. ಹೀಗಿಟ್ಟರೆ ಅದು ಆಗತಾನೆ ಕೂರಲು ಕಲಿತ ಕೂಸಿನ ಪೀಠ. ಪಕ್ಕದ ಹಲಗೆಗಳು ಎತ್ತರವಾಗಿ ನಿಂತು ಕೂಸು ಆಚೀಚೆ ಉರುಳದಂತೆ ಕಾಯುತ್ತವೆ. ತಲೆಕೆಳಗಾಗಿ ಮಗುಚಿದರೆ ಅದೇ ಹಲಗೆ ನೆಲದಿಂದ 24 ಸೆಂಟಿಮೀಟರ್ ಎತ್ತರಕ್ಕೆ ಏರಿ ನಾಲ್ಕು ವರ್ಷದ ಮಗುವಿನ ಕುರ್ಚಿಯಾಗುತ್ತದೆ. ತೆರೆದ ಮುಂಭಾಗವನ್ನು ನೆಲಕ್ಕೆ ಕವುಚಿದರೆ ಹಿಂಬದಿಯ ಹಲಗೆ ಮೇಲಾಗಿ, ಮಗುವಿಗೆ ಬರೆಯುವ ಮೇಜಾಗಿಯೋ ತಾಯಿಗೆ ಕೂರುವ ಸ್ಟೂಲಾಗಿಯೋ ಒದಗುತ್ತದೆ. ಎರಡನ್ನು ಒಂದರ ಮೇಲೊಂದು ಇಟ್ಟರೆ ಪುಸ್ತಕದ ಗೂಡು. ಈ ಮಾರ್ಪಾಡುಗಳನ್ನೆಲ್ಲ ಮಾಡುವುದು ಮಗುವೇ. ತನ್ನ ಕೈಯಿಂದ ಮಗುಚಿದ ವಸ್ತು ಹೊಸದೊಂದು ವಸ್ತುವಾಗುವುದನ್ನು ಕಂಡ ಮಗುವಿನ ಸಂತೋಷಕ್ಕೆ ಸಮನಾದ ಪಾಠ ಯಾವ ಪುಸ್ತಕದಲ್ಲಿದೆ?

ಇನ್ನು ಚನ್ನಪಟ್ಟಣದ ಕಡೆಗೆ ಬರೋಣ. ಟಿಪ್ಪು ಸುಲ್ತಾನನು ಪರ್ಷಿಯದ ಕುಶಲಿಗಳನ್ನು ಕರೆಸಿ ಅರಗಿನ ಬಣ್ಣದ ಮರದ ಆಟಿಕೆಗಳ ಕಲೆಯನ್ನು ಇಲ್ಲಿ ನೆಲೆಗೊಳಿಸಿದನೆಂದು ಪ್ರತೀತಿ; ಮುಂದೆ ಜಪಾನಿನ ಆಟಿಕೆಗಳ ತಂತ್ರವನ್ನು ತಂದು ಅದಕ್ಕೆ ಹೊಸ ಚೈತನ್ಯ ಕೊಟ್ಟವರೆಂದು ಬಾವಾಸ್ ಮಿಯಾ ಅವರನ್ನು ಊರು ಸ್ಮರಿಸುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದಕ್ಕೆ ದೊರೆತಿದೆ. ಈ ಕಲೆಯ ಮರ್ಮವೆಲ್ಲ ತಿರುಗುವ ಮರದಲ್ಲಿದೆ. ಬಿಳಿಯ ಮೈಯ, ನಯವಾದ ಎಳೆಯ ಆಲೆಮರದ ತುಂಡನ್ನು ಚೆನ್ನಾಗಿ ಒಣಗಿಸಿ, ಲೇತಿಗೆ ಕೊಟ್ಟು, ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಘರ್ಷಣೆಯ ಶಾಖದಿಂದ ಅರಗು ಕರಗಿ ಮರದ ಮೈಗೆ ಹತ್ತುತ್ತದೆ; ಬಳಿಕ ಕೇದಗೆಯ ಒಣಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಇಲ್ಲಿ ಎಣ್ಣೆಬಣ್ಣದ ಕುಂಚಕ್ಕೆ ಎಡೆಯಿಲ್ಲ.

ಈ ಕ್ರಮದಿಂದಲೇ ಈ ಕಲೆಯ ಮಿತಿಯೂ ಗೊತ್ತಾಗುತ್ತದೆ. ತಿರುಗದ ವಸ್ತುವಿಗೆ ಹೀಗೆ ಅರಗು ಹತ್ತಿಸಲಾಗದು. ಆದುದರಿಂದ ಚಪ್ಪಟೆಯಾದ ಹಲಗೆ ಚನ್ನಪಟ್ಟಣದ ಶೈಲಿಗೆ ಹೊರಗಿನದು. ಆಲೆಮರವಾದರೋ ಸಣ್ಣ ಗಾತ್ರದ ಮರ. ಅಗಲವಾದ ಹಲಗೆ ಅದರಿಂದ ಬಾರದು. ಅರಗು ಕುದಿಯುವ ನೀರಿನ ಬಿಸಿಗಿಂತ ಬಹಳ ಕಡಮೆ ಬಿಸಿಗೇ ಮೆತ್ತಗಾಗುವುದರಿಂದ ಬಿಸಿಹಾಲಿನ ಲೋಟವನ್ನು ಅದರ ಮೇಲಿಡುವಂತಿಲ್ಲ. ಮದ್ಯಸಾರದಲ್ಲಿ ಕರಗುವುದರಿಂದ ಸ್ಯಾನಿಟೈಸರ್ ಹಾಕಿ ಒರೆಸುವಂತೆಯೂ ಇಲ್ಲ. ಈ ಮಿತಿಗಳನ್ನು ತಿಳಿದ ವಿನ್ಯಾಸಕಾರನು ಕೆಲಸವನ್ನು ಹಂಚಿಕೊಡಬೇಕು. ಕೂರುವ ಹಲಗೆ, ಮೇಜಿನ ಮೈ ಇವನ್ನು ಈ ಸೀಮೆಯ ತೋಟಗಳಲ್ಲಿ ದೊರೆಯುವ ಮಾವು ಹಲಸುಗಳಿಂದ ಮಾಗಡಿಯ ಅಥವಾ ಕನಕಪುರದ ಬಡಗಿ ಮಾಡಲಿ, ಅವಕ್ಕೆ ಎಣ್ಣೆ ಮಾತ್ರ ಸವರಲಿ. ಕಾಲು, ಕಂಬಿ, ಗೂಟ, ಗಾಲಿ, ಹಿಡಿ, ಎಣಿಸಲು ಕಂಬಿಗೆ ಪೋಣಿಸಿದ ಮಣಿ ಇವನ್ನು ಚನ್ನಪಟ್ಟಣದ ಲೇತು ಕೊಡಲಿ. ದುಂಡಗೆ ಕಡೆದ ಗೂಟ ಮತ್ತು ಅದಕ್ಕೆ ಒಪ್ಪುವ ದುಂಡನೆಯ ತೂತು, ಇವೆರಡಿದ್ದರೆ ಬಹುವಿಧ ರೂಪಾಂತರ ಸಾಧ್ಯ. ತೊಟ್ಟಿಲಿನ ಒಂದು ಪಕ್ಕದ ಕಂಬಿಗಳನ್ನು ಕಳಚಿದರೆ ಅದು ಒರಗುವ ಬೆಂಚು. ಕಳಚಿದ ಕಂಬಿಗಳಿಗೆ ಗಾಲಿ ಕೂಡಿಸಿದರೆ ನಡೆಬಂಡಿ. ಆಗ ಅಟ್ಟಕ್ಕೆ ಹೋಗುವುದೇನೂ ಉಳಿಯದು. ಗೊಂಬೆಯನ್ನು ಮಾತ್ರ ಮಾಡುತ್ತ, ಅಗ್ಗದ ಪ್ಲಾಸ್ಟಿಕ್ ಆಟಿಕೆಗಳೊಡನೆ ಸೆಣಸಿ ಬಳಲಿದ ಕುಶಲಕರ್ಮಿಗಳಿಗೆ, ಇವರಲ್ಲಿ ಈಗ ಹೆಂಗಸರೂ ಅನೇಕರಿದ್ದಾರೆ, ಇದು ಹೊಸದೊಂದು ಜೀವನೋಪಾಯವಾದೀತು.

ರೂಪ ಬದಲಿಸುವ ವಸ್ತುವಿನಲ್ಲಿ ಅಪಾಯವೂ ಬದಲಾಗುತ್ತ ಹೋಗುವುದೆಂಬುದನ್ನು ಮಾತ್ರ ಮರೆಯಬಾರದು. ಒಂದು ಪಕ್ಕವನ್ನು ಕೆಳಗೆ ಜಾರಿಸಬಹುದಾದ ಶಿಶುಮಂಚಗಳು ಅಮೆರಿಕದಲ್ಲಿ ದೀರ್ಘಕಾಲ ಮನೆಮನೆಯಲ್ಲಿದ್ದುವು. ಜಾರುವ ಪಕ್ಕದ ಬಿಗಿತ ಸಡಿಲಿ, ಸಂದಿನಲ್ಲಿ ಸಿಕ್ಕಿ ಶಿಶುಗಳು ಮೃತವಾದ ದಾರುಣ ಘಟನೆಗಳ ತರುವಾಯ 2011ರಲ್ಲಿ ಅವುಗಳ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಲಾಯಿತು. ಯೂರೋಪಿನ ನಿಯಮದಂತೆ ಶಿಶುಮಂಚದ ಕಂಬಿಗಳ ನಡುವಣ ಅಂತರ 45ರಿಂದ 65 ಮಿಲಿಮೀಟರ್ ಇರಬೇಕು. ಹೆಚ್ಚಾದರೆ ಮೈ ಜಾರಿ ತಲೆ ಸಿಕ್ಕಿಕೊಳ್ಳುವುದು, ಕಡಮೆಯಾದರೆ ಕೈಕಾಲು ಸಿಕ್ಕಿಕೊಳ್ಳುವುದು. ಮಡಿಸುವ ಕೀಲಿನ ಸಂದು ಐದು ಮಿಲಿಮೀಟರಿಗೆ ಕಡಮೆಯಿರಬೇಕು, ಇಲ್ಲವೇ ಹನ್ನೆರಡಕ್ಕೆ ಹೆಚ್ಚಿರಬೇಕು; ಇವೆರಡರ ನಡುವಿನದು ಬೆರಳನ್ನು ನುಂಗುವ ಸಂದು. ನಮ್ಮಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ ನೋಂದಾಯಿತ ಕರಕುಶಲಿಗಳಿಗೂ ಭೌಗೋಳಿಕ ಸೂಚಿಕೆಯ ವಸ್ತುಗಳಿಗೂ ವಿನಾಯಿತಿ ದೊರೆಯಿತು. ಅದು ಉಚಿತವಾದುದೇ, ಆದರೆ ಆಟಿಕೆಯಿಂದ ಪೀಠೋಪಕರಣಕ್ಕೆ ಕೈಹಾಕುವ ಕುಶಲಿಯು ಈ ಅಳತೆಗಳನ್ನು ಕಾನೂನಿನ ಭಯವಿಲ್ಲದೆಯೂ ಪಾಲಿಸಬೇಕು. ಮಗುಚುವ ಪೀಠದಲ್ಲಿ ಕೀಲೇ ಇಲ್ಲದಿರುವುದು ಇದಕ್ಕಾಗಿಯೇ ನನಗೆ ಅಷ್ಟು ಪ್ರಿಯವಾದುದು.

ಇಂಥ ಪೀಠಗಳು ಮೊದಲು ಹೋಗಬೇಕಾದ ಸ್ಥಳ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ಇಂದು ಅಂಗನವಾಡಿಯಿಲ್ಲದ ಊರನ್ನು ಕಾಣುವುದು ಕಷ್ಟ. ಅನೇಕ ಕಡೆ ಅದು ಒಂದೇ ಕೋಣೆ. ಬೆಳಗ್ಗೆ ಅದು ಪಾಠಶಾಲೆ, ಮಧ್ಯಾಹ್ನ ಊಟದ ಮನೆ, ಅನಂತರ ಮಕ್ಕಳು ಮಲಗುವ ಮನೆ; 2017ರಲ್ಲಿ ಮಾತೃಪೂರ್ಣ ಯೋಜನೆ ಬಂದ ಮೇಲೆ ಬಸುರಿ ಬಾಣಂತಿಯರಿಗೂ ಬಿಸಿಯೂಟ ಬಡಿಸುವ ಸ್ಥಳ; ಲಸಿಕೆಯ ದಿನ ಚಿಕಿತ್ಸಾಲಯ. ದಿನವೊಂದಕ್ಕೆ ಇಷ್ಟು ವೇಷ ತೊಡುವ ಕೋಣೆಯಲ್ಲಿ ಒಂದೇ ವೇಷದ ಪ್ಲಾಸ್ಟಿಕ್ ಕುರ್ಚಿ ಎಷ್ಟರ ಕೆಲಸಕ್ಕೆ ಬಂದೀತು? ಹನ್ನೆರಡು ಮಗುಚುವ ಪೀಠಗಳಿದ್ದರೆ ಬೆಳಗ್ಗೆ ಅವು ಕುರ್ಚಿಯೂ ಮೇಜೂ ಆಗಿ, ಬಾಣಂತಿಯರು ಬಂದಾಗ ಸ್ಟೂಲಾಗಿ, ಮಕ್ಕಳು ಮಲಗುವ ವೇಳೆಗೆ ಗೋಡೆಯ ಬದಿಯಲ್ಲಿ ಪುಸ್ತಕ ಗೊಂಬೆಗಳ ಗೂಡುಸಾಲಾಗಿ ನಿಲ್ಲುತ್ತವೆ.

ಹಲಗೆಗಳನ್ನು ಚನ್ನಪಟ್ಟಣದ ಗೂಟಗಳಿಂದ ಕೂಡಿಸಿ ಇಂಥ ಪೀಠಗಳನ್ನು ಮಾಡಿಸುವವರು ಒಂದು ನಿಯಮವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು: ಎಲ್ಲ ಗೂಟಗಳೂ ಒಂದೇ ದಪ್ಪ, ಎಲ್ಲ ತೂತುಗಳೂ ಒಂದೇ ಅಳತೆ. ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಗೂಟಕ್ಕೆ ಕೂದಲೆಳೆಯಷ್ಟು ಸಡಿಲು ಬಿಟ್ಟು, ಬಿಗಿಯಲು ಬೆಣೆಯೊಂದನ್ನು ಕೊಡಬೇಕು. ಆಗ ಸಾತನೂರಿನ ಆಚೆಯ ಯಾವುದೋ ಅಂಗನವಾಡಿಯಲ್ಲಿ ಒಂದು ಗೂಟ ಮುರಿದರೆ, ಪೀಠವನ್ನೇ ಎಸೆಯಬೇಕಾಗಿಲ್ಲ. ಅಳತೆ ಹೇಳಿ ಕಳಿಸಿದರೆ ಚನ್ನಪಟ್ಟಣದ ಯಾವ ಲೇತಿನವರಾದರೂ ಅದನ್ನು ಕಡೆದುಕೊಟ್ಟಾರು.