ರಕ್ತನಾಳಕ್ಕೆ ವಿಟಮಿನ್ ಗುಳಿಗೆ: ಸಕ್ಕರೆ ಕಾಯಿಲೆಯವರಿಗೆ ಯಾವುದು ಬೇಕು?

ಸಕ್ಕರೆ ಕಾಯಿಲೆ ಈಗ ಪ್ಯಾಟಿ ಮಂದಿಯ ಬ್ಯಾನಿಯಾಗಿ ಉಳಿದಿಲ್ಲ. ಸಾರವಾಡದ ಸುತ್ತ ಡೋಣಿ ದಂಡೆಯ ಎರೆ ಹೊಲದಲ್ಲಿ ಜೋಳ, ಕಡಲೆ ಬೆಳೆಯುವವರಿಗೂ ಇದೆ. ತಿಕೋಟಾ ಕಡೆಯ ದ್ರಾಕ್ಷಿ ತೋಟದವರಿಗೂ ಇದೆ. ನನಗೂ ಇದೆ. ಡಾಕ್ಟರು ಬರೆದ ಗುಳಿಗೆಯ ಜೊತೆ ಇನ್ನೊಂದು ಪೊಟ್ಟಣವೂ ಹಲವರ ಮನೆ ಸೇರುತ್ತಿದೆ. ಅದು ವಿಟಮಿನ್ ಸಿ ಮತ್ತು ಇ ಗುಳಿಗೆ. 'ರಕ್ತನಾಳ ಸ್ವಚ್ಛ ಮಾಡ್ತದ' ಎಂಬುದು ಮಾರುವವರ ಮಾತು. ಕೈಯಲ್ಲಿ ರೊಕ್ಕ ಕಡಿಮೆಯಾದಾಗ ಬಿ.ಪಿ. ಗುಳಿಗೆ ಬಿಟ್ಟು ಇದನ್ನೇ ಕೊಳ್ಳುವವರನ್ನು ಕಂಡಿದ್ದೇನೆ. ಅದಕ್ಕೇ ಈ ಬರಹ.

ನಾಳ ಕೆಡುವುದು ಹೇಗೆ?

ರಕ್ತನಾಳ ಡ್ರಿಪ್ ಪೈಪಿನಂತೆ ಜೀವವಿಲ್ಲದ ಕೊಳವೆ ಅಲ್ಲ. ಅದರ ಒಳಮೈಗೆ ತೆಳ್ಳನೆಯ ಜೀವಕೋಶಗಳ ಪದರ ಇದೆ. ಈ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸುತ್ತದೆ. ಇದರಿಂದ ನಾಳ ಸಡಿಲಗೊಂಡು ರಕ್ತ ಸಲೀಸಾಗಿ ಹರಿಯುತ್ತದೆ. ರಕ್ತದಲ್ಲಿ ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ಆಮ್ಲಜನಕದ ಪುಂಡ ಕಣಗಳು ಹೆಚ್ಚುತ್ತವೆ. ಅವು ಈ ಅನಿಲವನ್ನು ಹಾಳು ಮಾಡುತ್ತವೆ. ನಾಳ ಬಿಗಿಯುತ್ತದೆ, ಒಳಗೆ ಕೊಬ್ಬು ಕೂರುತ್ತದೆ. ಕಣ್ಣು, ಮೂತ್ರಪಿಂಡ, ಹೃದಯ, ಪಾದ ಎಲ್ಲಕ್ಕೂ ಪೆಟ್ಟು ಬೀಳುವುದು ಇಲ್ಲಿಂದಲೇ.

ವಿಟಮಿನ್ ಸಿ ಮತ್ತು ಇ ಈ ಪುಂಡ ಕಣಗಳನ್ನು ತಣಿಸಬಲ್ಲವು. ಇದು ಸುಳ್ಳಲ್ಲ. ನಮ್ಮ ವಿಜಯಪುರದಲ್ಲೇ ಶರೀರಕ್ರಿಯಾ ಶಾಸ್ತ್ರದ ಪ್ರಾಧ್ಯಾಪಕ ಡಾ. ಕುಸಾಲ್ ದಾಸ್ ಮತ್ತು ಸಂಗಡಿಗರು ನಿಕ್ಕಲ್ ಕೊಟ್ಟ ಇಲಿಗಳಲ್ಲಿ ವಿಟಮಿನ್ ಸಿ ಇಂಥ ಹಾನಿಯನ್ನು ತಗ್ಗಿಸುವುದನ್ನು ತೋರಿಸಿದ್ದಾರೆ. ಆದರೆ ಕುಂಡದಲ್ಲಿ ಫಲ ಕೊಟ್ಟದ್ದು ಹೊಲದಲ್ಲೂ ಕೊಡಬೇಕೆಂದೇನಿಲ್ಲ. ಮನುಷ್ಯರಲ್ಲೇ ನೋಡಬೇಕು.

ಮನುಷ್ಯರಲ್ಲಿ ಕಂಡದ್ದು

2000ದಲ್ಲಿ ಹೋಪ್ ಎಂಬ ಅಧ್ಯಯನದ ಫಲಿತಾಂಶ ಬಂತು. 9,500ಕ್ಕೂ ಹೆಚ್ಚು ಜನ. ಅವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರು. ಅರ್ಧ ಮಂದಿಗೆ ದಿನಾ 400 ಯೂನಿಟ್ ವಿಟಮಿನ್ ಇ, ಉಳಿದರ್ಧ ಮಂದಿಗೆ ಸುಳ್ಳು ಗುಳಿಗೆ. ನಾಲ್ಕೂವರೆ ವರ್ಷವಾದರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅಧ್ಯಯನ ಮುಂದುವರಿದು 2005ರಲ್ಲಿ ವರದಿ ಬಂದಾಗ, ವಿಟಮಿನ್ ಇ ನುಂಗಿದವರಲ್ಲಿ ಹೃದಯ ಸೋಲುವುದು ತುಸು ಹೆಚ್ಚೇ ಕಂಡಿತ್ತು.

2002ರಲ್ಲಿ ಬ್ರಿಟನ್ನಿನಿಂದ ಇನ್ನೊಂದು ವರದಿ. 20,536 ಜನ, ಐದು ವರ್ಷ, ವಿಟಮಿನ್ ಇ, ಸಿ, ಬೀಟಾ ಕ್ಯಾರೊಟಿನ್ ಮೂರೂ ಒಟ್ಟಿಗೆ. ರಕ್ತದಲ್ಲಿ ವಿಟಮಿನ್ ಏರಿತು, ರೋಗ ಇಳಿಯಲಿಲ್ಲ. 2010ರಲ್ಲಿ ಕೆನಡಾದಲ್ಲಿ ಸಕ್ಕರೆಯಿಂದ ಮೂತ್ರಪಿಂಡ ಕೆಟ್ಟ 238 ಮಂದಿಯ ಮೇಲೆ ನಡೆದ ಪರೀಕ್ಷೆಯದು ಎಚ್ಚರಿಕೆಯ ಪಾಠ. ಫೋಲಿಕ್ ಆಮ್ಲ, ಬಿ-6, ಬಿ-12 ದೊಡ್ಡ ಪ್ರಮಾಣದಲ್ಲಿ ಪಡೆದವರ ಮೂತ್ರಪಿಂಡ ಇನ್ನೂ ಬೇಗ ಸೋತಿತು.

ಲ್ಯಾಟರಲ್‌ನಲ್ಲಿ ಉಪ್ಪು ಕಟ್ಟಿದಾಗ ಎಲೆಗೆ ಟಾನಿಕ್ ಹೊಡೆದರೆ ಬುಡಕ್ಕೆ ನೀರು ಬಂದೀತೇ? ಇದೂ ಹಾಗೇ.

ಬಿ-12 ಮಾತ್ರ ಮರೆಯಬೇಡಿ

ಒಂದು ವಿಟಮಿನ್‌ನ ಲೆಕ್ಕ ಬೇರೆ. ಸಕ್ಕರೆ ಕಾಯಿಲೆಗೆ ನಮ್ಮಲ್ಲಿ ಬಹಳ ಜನ ನುಂಗುವ ಗುಳಿಗೆ ಮೆಟ್‌ಫಾರ್ಮಿನ್. ಒಳ್ಳೆಯ ಔಷಧಿ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ-12 ಹೀರುವುದು ಕುಗ್ಗುತ್ತದೆ. ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಯೆಯಲ್ಲಿ ಬಿ-12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಇದೆ. ಹೀಗಾಗಿ ಸಸ್ಯಾಹಾರಿಗಳಿಗೆ ಅಪಾಯ ಹೆಚ್ಚು.

ಬಿ-12 ಕೊರತೆಯಾದರೆ ಪಾದ ಜೋಮು ಹಿಡಿಯುತ್ತದೆ, ಉರಿಯುತ್ತದೆ, ಸುಸ್ತಾಗುತ್ತದೆ. ಸಕ್ಕರೆಯಿಂದ ನರ ಕೆಟ್ಟಾಗಲೂ ಪಾದದಲ್ಲಿ ಇದೇ ಲಕ್ಷಣ. 'ಸಕ್ರಿದ ಐತಿ ಬಿಡ್ರಿ' ಅಂತ ಕೂತರೆ ನರ ಕಾಯಂ ಕೆಟ್ಟೀತು. ಮೆಟ್‌ಫಾರ್ಮಿನ್ ನುಂಗುವವರು ರಕ್ತದ ಬಿ-12 ಪರೀಕ್ಷೆ ಮಾಡಿಸಲು ಡಾಕ್ಟರನ್ನು ಕೇಳಿ. ಕೊರತೆ ಇದ್ದರೆ ಗುಳಿಗೆ ಅಥವಾ ಸೂಜಿ ಕೊಡುತ್ತಾರೆ. ಮೆಟ್‌ಫಾರ್ಮಿನ್ ಮಾತ್ರ ನೀವಾಗಿಯೇ ಬಿಡಬೇಡಿ.

ವಿಟಮಿನ್ ಸಿ ಬೇಕಾದವರಿಗೆ ಹೊಲದಲ್ಲೇ ಇದೆ. ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ಸಾಕು. 100 ಗ್ರಾಂ ಪೇರಲ ಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ಇರುತ್ತದೆ. ನೆಲ್ಲಿಕಾಯಿ, ನಿಂಬೆಯಲ್ಲೂ ಇದೆ. ದೊಡ್ಡ ಪ್ರಮಾಣದ ಸಿ ಗುಳಿಗೆ ನುಂಗಿದರೆ ಮೂತ್ರದ ಹರಳಾಗುವ ಸಂಭವ ಉಂಟು. ಮನೆಯಲ್ಲಿ ಸಕ್ಕರೆ ನೋಡುವ ಕೆಲವು ಮಷಿನ್ ತಪ್ಪು ಲೆಕ್ಕವನ್ನೂ ತೋರಿಸಬಹುದು.

ನಾಳ ಉಳಿಸುವುದು ಯಾವುದು?

1998ರ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಸಕ್ಕರೆ ಕಾಯಿಲೆಯವರ ಬಿ.ಪಿ.ಯನ್ನು ಬಿಗಿಯಾಗಿ ಹಿಡಿದಾಗ ಪಾರ್ಶ್ವವಾಯು ಶೇ. 44ರಷ್ಟು ಇಳಿಯಿತು. ಯಾವ ವಿಟಮಿನ್ ಗುಳಿಗೆಯೂ ಇಷ್ಟು ಮಾಡಿಲ್ಲ. ಹಾಗಾಗಿ ರೊಕ್ಕ ಖರ್ಚು ಮಾಡುವ ಕ್ರಮ ಹೀಗಿರಲಿ:

1. ಸಕ್ಕರೆ ಮತ್ತು ಬಿ.ಪಿ. ಗುಳಿಗೆ ತಪ್ಪಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ತಪಾಸಣೆ ಪುಕ್ಕಟೆ.
2. ಕೊಬ್ಬಿನ ಗುಳಿಗೆ ಬೇಕೇ ಎಂದು ಡಾಕ್ಟರನ್ನು ಕೇಳಿ.
3. ಬೀಡಿ, ತಂಬಾಕು ಬಿಡಿ.
4. ವರ್ಷಕ್ಕೊಮ್ಮೆ ಕಣ್ಣು ಮತ್ತು ಮೂತ್ರ ಪರೀಕ್ಷೆ ಮಾಡಿಸಿ.
5. ಹೊಲಕ್ಕೆ ಬರಿಗಾಲಲ್ಲಿ ಹೋಗಬೇಡಿ. ಜೋಳದ ಕೊಯ್ಲಿ ಚುಚ್ಚಿದ್ದು ಜೋಮು ಹಿಡಿದ ಪಾದಕ್ಕೆ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುಂಚೆ ಪಾದ ತೊಳೆದು, ಒರೆಸಿ, ಅಂಗಾಲು ನೋಡಿಕೊಳ್ಳಿ. ಕಣ್ಣು ಮಂಜಾದವರು ಮನೆಯವರಿಗೆ ತೋರಿಸಿ.

ಇಷ್ಟೆಲ್ಲ ಆದ ಮೇಲೂ ಕೈಯಲ್ಲಿ ರೊಕ್ಕ ಉಳಿದರೆ ಪೇರಲ ಹಣ್ಣು ಕೊಳ್ಳಿ.